ಮನೆಯಲ್ಲೇ ಝಾಝೀಕಿ: ಗ್ರೀಕರ ಮೊಸರು-ಸೌತೆಕಾಯಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಊಟಕ್ಕೆ ಬಂದವರಿಗೆ ಒಂದು ಬಟ್ಟಲು ಝಾಝೀಕಿ ಇಟ್ಟರೆ ಮರುದಿನ ಫೋನು ಗ್ಯಾರಂಟಿ. ಮೂರನೇ ದಿನ ಇನ್ನೊಂದು ಫೋನು ಬರುತ್ತದೆ, "ಮಾಡಿದೆ, ನೀರಾಗಿಹೋಯ್ತು" ಅಂತ. ಎಲ್ಲರಿಗೂ ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಇದು ನಮ್ಮ ಮೊಸರು ಬಜ್ಜಿ ತಾನೆ? ಬೇರೆ ಹೆಸರು ಯಾಕೆ?

ಸಾಮಾನು ನೋಡಿದರೆ ಹಾಗೇ ಅನಿಸುತ್ತದೆ. ಮೊಸರು, ಸೌತೆಕಾಯಿ, ಉಪ್ಪು. ಆದರೆ ಬಜ್ಜಿ ಅಂದರೆ ಸೌಟಿನಲ್ಲಿ ಬಡಿಸುವಂಥದ್ದು, ಎಲೆಯ ಮೇಲೆ ಅನ್ನದ ಕಡೆಗೆ ಹರಿದು ಹೋಗುವಂಥದ್ದು, ಹರಿಯದಿದ್ದರೆ ಅದು ಬಜ್ಜಿಯೇ ಅಲ್ಲ. ಝಾಝೀಕಿ ಹರಿಯಬಾರದು. ಚಮಚದಲ್ಲಿ ತೆಗೆದು ತಟ್ಟೆಗೆ ಹಾಕಿದರೆ ಹಾಕಿದ ಕಡೆಯೇ ಕೂತಿರಬೇಕು. ಬ್ರೆಡ್ ಅದ್ದಿ ಎತ್ತಿದ ಮೇಲೆ ಅಲ್ಲಿ ಬಿದ್ದ ಗುಂಡಿ ಹಾಗೇ ಉಳಿಯಬೇಕು. ಒಗ್ಗರಣೆ ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಕಾಯಿತುರಿ ಇಲ್ಲ. ಹಸಿ ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಂಚೂರು ವಿನೆಗರ್, ಅಷ್ಟೇ.

ಇಡೀ ಕೆಲಸವೇ ಎರಡು ಕಡೆಯ ನೀರು ತೆಗೆಯುವುದು. ಒಂದು ಮೊಸರಿನದು, ಇನ್ನೊಂದು ಸೌತೆಕಾಯಿಯದು. ಇಷ್ಟು ಅರ್ಥವಾದರೆ ಕೆಳಗಿನ ಅರ್ಧ ಪ್ರಶ್ನೆ ಓದದಿದ್ದರೂ ನಡೆಯುತ್ತದೆ.

ಹೆಸರು ಹೇಗೆ ಹೇಳೋದು? ಮೆನುವಿನಲ್ಲಿ ಒಂದೊಂದು ಕಡೆ ಒಂದೊಂದು ಥರ ಇರುತ್ತೆ.

ಗ್ರೀಕರು ಹೇಳುವುದನ್ನು ಕೇಳಿದರೆ ಝಾಝೀಕಿ ಅಂತಲೇ ಕಿವಿಗೆ ಬೀಳುತ್ತದೆ. ಪ್ರತಿ 'ಝ'ದ ಹಿಂದೆ ಒಂದು ಸಣ್ಣ 'ದ್' ಅಡಗಿರುತ್ತದೆ, ಒತ್ತು 'ಝೀ' ಮೇಲೆ. ಟ್ಜಾಟ್ಜಿಕಿ ಅಂತ ನಾಲಿಗೆ ತಿರುಚಿಕೊಳ್ಳುವ ಅಗತ್ಯ ಇಲ್ಲ. ಪದ ಬಂದದ್ದು ತುರ್ಕಿಯ 'ಜಾಜಿಕ್'ನಿಂದ. ಅವರ ಜಾಜಿಕ್ ತೆಳ್ಳಗೆ ಇರುತ್ತದೆ, ನೀರು ಬೆರೆಸಿ, ಒಣ ಪುದೀನ ಉದುರಿಸಿ, ಬೇಸಿಗೆಯಲ್ಲಿ ಐಸ್ ತುಂಡು ಹಾಕಿ ಬಟ್ಟಲಲ್ಲಿ ಕೊಡುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಬಜ್ಜಿಗೆ ಹತ್ತಿರದ ನೆಂಟ ಅದೇ. ಬಲ್ಗೇರಿಯದಲ್ಲಿ ಇದೇ ಕುಟುಂಬದ ತರಾತೋರ್ ಇದೆ, ವಾಲ್‌ನಟ್ ಹಾಕಿದ ತಣ್ಣನೆ ಸೂಪು. ಇರಾನಿನವರು ಮಾಸ್ತ್-ಒ-ಖಿಯಾರ್ ಮಾಡುತ್ತಾರೆ, ಅದಕ್ಕೆ ಒಣದ್ರಾಕ್ಷಿ, ಒಣಗಿದ ಗುಲಾಬಿ ಎಸಳು ಕೂಡ ಬೀಳುತ್ತದೆ. ಅದೂ ಚೆನ್ನಾಗಿರುತ್ತದೆ, ಆದರೆ ಇವತ್ತಿನ ವಿಷಯ ಅದಲ್ಲ.

ಸರಿ, ಅಳತೆ ಹೇಳಿ.

ನಾಲ್ಕೈದು ಜನಕ್ಕೆ:

ಗಟ್ಟಿ ಮೊಸರು 1 ಕೆಜಿ (ಬಸಿದ ಮೇಲೆ ಹೆಚ್ಚೂ ಕಡಿಮೆ ಅರ್ಧ ಕೆಜಿ ಉಳಿಯುತ್ತದೆ)
ಎಳೆ ಸೌತೆಕಾಯಿ 2, ಒಟ್ಟು 300 ಗ್ರಾಂ ಆಸುಪಾಸು
ಬೆಳ್ಳುಳ್ಳಿ 2 ಎಸಳು, ನಾಟಿಯಾದರೆ 3
ಆಲಿವ್ ಎಣ್ಣೆ 2 ದೊಡ್ಡ ಚಮಚ, ಮೇಲೆ ಹಾಕಲು ಇನ್ನಷ್ಟು
ವಿನೆಗರ್ 2 ಸಣ್ಣ ಚಮಚ
ಸಬ್ಬಸಿಗೆ ಸೊಪ್ಪು, ಸಣ್ಣಗೆ ಹೆಚ್ಚಿದ್ದು 2 ದೊಡ್ಡ ಚಮಚ
ಉಪ್ಪು

ರಾತ್ರಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಬಸಿಯಲು ಬಿಡಿ. ಬೆಳಿಗ್ಗೆ ಸೌತೆಕಾಯಿ ತುರಿದು, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ 20 ನಿಮಿಷ ಇಟ್ಟು, ಬಟ್ಟೆಗೆ ಹಾಕಿ ಹಿಂಡಿ. ಬೆಳ್ಳುಳ್ಳಿಯನ್ನು ಚಿಟಿಕೆ ಉಪ್ಪಿನ ಜೊತೆ ಕುಟ್ಟಾಣಿಯಲ್ಲಿ ನುಣ್ಣಗೆ ಜಜ್ಜಿ, ಅದಕ್ಕೆ ವಿನೆಗರ್ ಮತ್ತು ಎಣ್ಣೆ ಸೇರಿಸಿ. ಇದನ್ನು ಮೊಸರಿಗೆ ಕಲಸಿ, ಸೌತೆಕಾಯಿ, ಸೊಪ್ಪು ಹಾಕಿ. ರುಚಿ ನೋಡಿ ಆಮೇಲೆ ಉಪ್ಪು. ಸೌತೆಕಾಯಿಯಲ್ಲಿ ಆಗಲೇ ಇದೆ, ಮರೆಯಬೇಡಿ. ಮುಚ್ಚಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಮಾಡಿದ ತಕ್ಷಣ ತಿಂದರೆ ಬೆಳ್ಳುಳ್ಳಿ ಒಂದು ಕಡೆ, ಮೊಸರು ಒಂದು ಕಡೆ ಇರುತ್ತದೆ.

ಯಾವ ಮೊಸರು? ಪ್ಯಾಕೆಟ್ ಮೊಸರು ಆಗುತ್ತಾ?

ಆಗುತ್ತದೆ. ಹುಳಿ ಬಂದಿರಬಾರದು, ಅಷ್ಟೇ. ಬಸಿದಾಗ ನೀರಿನ ಜೊತೆ ಸ್ವಲ್ಪ ಹುಳಿ ಹೋಗುತ್ತದೆ ನಿಜ, ಆದರೆ ಮೂರು ದಿನದ ಮೊಸರನ್ನು ಅದು ಕಾಪಾಡುವುದಿಲ್ಲ.

ಮನೆಯಲ್ಲೇ ಹೆಪ್ಪು ಹಾಕುವವರಿಗೆ ಇನ್ನೂ ಚೆನ್ನಾಗಿ ಬರುತ್ತದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇಕಡಾ 6. ಇಲ್ಲಿ ಫುಲ್ ಕ್ರೀಮ್ ತೆಗೆದುಕೊಳ್ಳಿ. ಹಾಲು ಉಕ್ಕಿದ ಕೂಡಲೇ ಆರಿಸದೆ, ಉರಿ ಸಣ್ಣ ಮಾಡಿ ಹತ್ತು ನಿಮಿಷ ಕೈಯಾಡಿಸುತ್ತಾ ಕಾಯಿಸಿ. ಹಾಗೆ ಕಾಯಿಸಿದಾಗ ಹಾಲಿನ ಒಂದು ಬಗೆಯ ಪ್ರೋಟೀನ್ ಬಿಚ್ಚಿಕೊಂಡು ಉಳಿದದ್ದರ ಜೊತೆ ಹೆಣೆದುಕೊಳ್ಳುತ್ತದೆ, ಮೊಸರು ಗಟ್ಟಿಯಾಗಿ ಕೂರುತ್ತದೆ. ನಮ್ಮ ಅಜ್ಜಿಯಂದಿರು ಹಾಲನ್ನು ಒಲೆಯ ಮೂಲೆಯಲ್ಲಿ ಗಂಟೆಗಟ್ಟಲೆ ಬಿಡುತ್ತಿದ್ದರಲ್ಲ, ಆ ಮೊಸರು ಕತ್ತರಿಸಿದ ಹಾಗೆ ಬರುತ್ತಿದ್ದದ್ದು ಇದರಿಂದಲೂ ಹೌದು.

ಎಮ್ಮೆ ಹಾಲಿನ ಮೊಸರು ಸಿಕ್ಕಿದರೆ ಬಿಡಲೇಬೇಡಿ. ಗ್ರೀಸಿನಲ್ಲಿ ಹಳೆಯ ರೂಢಿ ಕುರಿ ಹಾಲಿನ ಮೊಸರಿನದು. ಅದನ್ನು ಈಗಲೂ ಮಣ್ಣಿನ ಕುಡಿಕೆಯಲ್ಲಿ, ಮೇಲೆ ಕೆನೆಯ ಪದರದ ಸಮೇತ ಮಾರುತ್ತಾರೆ. ಕುರಿ ಹಾಲು, ಎಮ್ಮೆ ಹಾಲು ಎರಡರಲ್ಲೂ ಕೊಬ್ಬು ಶೇಕಡಾ 6-7ರ ಆಸುಪಾಸು ಇರುತ್ತದೆ. ಹಾಗಾಗಿ ಆ ದಪ್ಪ, ಆ ಜಿಡ್ಡು ನಮಗೆ ಎಮ್ಮೆ ಮೊಸರಿನಲ್ಲೇ ಸಿಗುವುದು.

ಅಂಗಡಿಯ ಗ್ರೀಕ್ ಯೋಗರ್ಟ್ ತಂದರೆ ಬಸಿಯುವ ಕೆಲಸ ತಪ್ಪುತ್ತಲ್ವಾ?

ತಪ್ಪುತ್ತದೆ, ಆದರೆ ಡಬ್ಬಿಯ ಹಿಂದೆ ಓದಿ ತನ್ನಿ. ಸಾಮಾನು ಪಟ್ಟಿಯಲ್ಲಿ ಹಾಲು ಮತ್ತು ಹೆಪ್ಪು ಮಾತ್ರ ಇದ್ದರೆ ಸರಿ. ಪಿಷ್ಟ, ಜೆಲಟಿನ್, ಸಕ್ಕರೆ ಕಂಡರೆ ಅದು ಬಸಿದು ಗಟ್ಟಿಯಾದದ್ದಲ್ಲ, ಸೇರಿಸಿ ಗಟ್ಟಿ ಮಾಡಿದ್ದು. ನಾನೊಮ್ಮೆ ಅವಸರದಲ್ಲಿ ತಂದದ್ದು ವೆನಿಲಾ ರುಚಿಯದ್ದಾಗಿತ್ತು, ಬೆಳ್ಳುಳ್ಳಿ ಹಾಕಿದ ಮೇಲೆ ಗೊತ್ತಾಯಿತು.

ಈ ಹೆಸರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಇದೆ. 1926ರಲ್ಲಿ ಅಥೆನ್ಸಿನ ಒಂದು ಹಾಲಿನಂಗಡಿಯಾಗಿ ಶುರುವಾದ ಫಾಯೆ ಕಂಪನಿ, ಅಮೆರಿಕದಲ್ಲಿ ಮಾಡಿದ ಮೊಸರನ್ನು 'ಗ್ರೀಕ್ ಯೋಗರ್ಟ್' ಅಂತ ಬ್ರಿಟನ್ನಿನಲ್ಲಿ ಮಾರುತ್ತಿದ್ದ ಚೋಬಾನಿ ಮೇಲೆ ಕೇಸು ಹಾಕಿ 2013ರಲ್ಲಿ ಲಂಡನ್ ಹೈಕೋರ್ಟಿನಲ್ಲಿ ಗೆದ್ದಿತು, 2014ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ಉಳಿಯಿತು. ಗ್ರೀಸಿನಲ್ಲೇ ಮಾಡಿ, ಬಸಿದು ಗಟ್ಟಿ ಮಾಡಿದ್ದಕ್ಕೆ ಮಾತ್ರ ಅಲ್ಲಿ ಆ ಹೆಸರು. ಗ್ರೀಕರು ಮಾತ್ರ ಅದನ್ನು ಗ್ರೀಕ್ ಯೋಗರ್ಟ್ ಅನ್ನುವುದಿಲ್ಲ. 'ಸ್ತ್ರಾಂಗಿಸ್ತೋ', ಅಂದರೆ ಬಸಿದದ್ದು. ಹಳೆಯ ಮಾತಿನಲ್ಲಿ 'ಚೀಲದ ಮೊಸರು'. ಉತ್ತರ ಕರ್ನಾಟಕದವರಿಗೆ ಇಷ್ಟು ವಿವರಣೆಯೇ ಬೇಡ. ಶ್ರೀಖಂಡಕ್ಕೆ ಚಕ್ಕಾ ಕಟ್ಟುತ್ತೀರಲ್ಲ, ಅದೇ ಇದು.

ಎಷ್ಟು ಹೊತ್ತು ಬಸಿಯಬೇಕು? ಹೊರಗೆ ನೇತುಹಾಕಿದರೆ ಹುಳಿ ಬರಲ್ವಾ?

ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ನಲ್ಲಿಗೆ ಕಟ್ಟಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಅಡುಗೆಮನೆಯೇ ಹುಳಿ ವಾಸನೆ. ನಾನು ಫ್ರಿಜ್ಜಿನಲ್ಲೇ ಮಾಡುತ್ತೇನೆ. ಆಳದ ಪಾತ್ರೆಯ ಮೇಲೆ ದೊಡ್ಡ ಜರಡಿ, ಅದರೊಳಗೆ ಎರಡು ಮಡಿಕೆ ಮಾಡಿದ ಹಳೆ ಪಂಚೆ ಬಟ್ಟೆ, ಅದಕ್ಕೆ ಮೊಸರು. ತುದಿ ಮಡಚಿ ಮೇಲೊಂದು ತಟ್ಟೆ. ಎಂಟು ಗಂಟೆ ಸಾಕು. ಜರಡಿಯ ತಳ ಕೆಳಗಿನ ನೀರಿಗೆ ತಾಗದಷ್ಟು ಪಾತ್ರೆ ಆಳ ಇರಲಿ, ಇಲ್ಲದಿದ್ದರೆ ಬಸಿದದ್ದು ಬಸಿದದ್ದರಲ್ಲೇ ನೆನೆಯುತ್ತಾ ಕೂತಿರುತ್ತದೆ.

ಆಯಿತೋ ಇಲ್ಲವೋ ಹೇಗೆ ತಿಳಿಯುವುದು? ಬಟ್ಟೆ ಬಿಚ್ಚಿದಾಗ ಮೊಸರು ಅಂಚಿನಿಂದ ತಾನೇ ಬಿಟ್ಟುಕೊಂಡು ಬರಬೇಕು, ಅದರ ಮೇಲೆ ಬಟ್ಟೆಯ ನೇಯ್ಗೆಯ ಗುರುತು ಅಚ್ಚಾಗಿರಬೇಕು. ಬಟ್ಟೆಗೆ ಮೆತ್ತಿಕೊಂಡಿದ್ದರೆ ಇನ್ನೆರಡು ಗಂಟೆ. ಒಂದು ಮಾತು, ಸೋಪಿನ ಪುಡಿಯ ಪರಿಮಳ ಇರುವ ಬಟ್ಟೆ ಬೇಡ. ಮೊಸರು ಆ ವಾಸನೆಯನ್ನು ಹೀರಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಜಾಲಿಸಿ ಹಿಂಡಿ ಬಳಸಿ.

ಸೌತೆಕಾಯಿ ಯಾವುದು? ಸಿಪ್ಪೆ, ಬೀಜ ತೆಗೆಯಬೇಕಾ?

ಎಳೆಯದು. ಬೀಜ ಬಲಿತಿರಬಾರದು. ಮಂಗಳೂರು ಸೌತೆ ಬೇಡ, ಅದು ಸಾಂಬಾರಿಗೇ ಚೆಂದ. ಬೀಜ ಬಲಿತದ್ದೇ ಸಿಕ್ಕಿದರೆ ಉದ್ದಕ್ಕೆ ಸೀಳಿ ನಡುವಿನ ಲೋಳೆಯನ್ನು ಚಮಚದಲ್ಲಿ ಕೆರೆದು ಬಿಸಾಕಿ, ನೀರೆಲ್ಲ ಇರುವುದು ಅಲ್ಲೇ. ಸಿಪ್ಪೆ ಎಳೆಯದಾದರೆ ಹಾಗೇ ಇರಲಿ, ಹಸಿರು ಚುಕ್ಕಿ ನೋಡಲು ಚೆನ್ನ. ಮೇಣ ಹಚ್ಚಿ ಹೊಳೆಯುವಂಥದ್ದಾದರೆ ತೆಗೆಯಿರಿ.

ಕಹಿ ನೋಡದೆ ಮಾತ್ರ ತುರಿಯಬೇಡಿ. ಎರಡೂ ತುದಿ ಕತ್ತರಿಸಿ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಕಹಿ ಸಾಮಾನ್ಯವಾಗಿ ತೊಟ್ಟಿನ ಕಡೆ ಜಾಸ್ತಿ. ನಡುವೆಯೂ ಕಹಿ ಇದ್ದರೆ ಇಡೀ ಕಾಯಿ ಬಿಟ್ಟುಬಿಡಿ. ಅರ್ಧ ಕೆಜಿ ಬಸಿದ ಮೊಸರು ಒಂದು ಸೌತೆಕಾಯಿಗಿಂತ ದುಬಾರಿ.

ಎಲ್ಲಾ ಹೇಳಿದ ಹಾಗೇ ಮಾಡಿದೆ, ಆದರೂ ನೀರಾಯಿತು. ಯಾಕೆ?

ಹಿಂಡಿದ್ದು ಸಾಲದು. ಹತ್ತರಲ್ಲಿ ಒಂಬತ್ತು ಜನರದ್ದು ಇದೇ ಕಥೆ, ನನ್ನದೂ ಇದೇ ಆಗಿತ್ತು.

ಜರ್ಮನಿಯಲ್ಲಿ ಇದ್ದಾಗಿನ ಮಾತು. ಅಲ್ಲಿ ಸಣ್ಣ ಸಣ್ಣ ಊರಿನಲ್ಲೂ ಒಂದು ಗ್ರೀಕ್ ಹೋಟೆಲ್ ಇರುತ್ತದೆ. 1960ರಲ್ಲಿ ಎರಡು ದೇಶಗಳ ನಡುವೆ ಒಪ್ಪಂದ ಆಗಿ ಗ್ರೀಕ್ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಬಂದರು, ಅವರ ಜೊತೆ ಅವರ ಅಡುಗೆಯೂ ಬಂತು. ಹಾಗಾಗಿ ಝಾಝೀಕಿ ತಿಂದು ತಿಂದು ನನಗೆ ಎಲ್ಲ ಗೊತ್ತು ಅನ್ನುವ ಧೈರ್ಯ. ಆಫೀಸಿನವರನ್ನು ಊಟಕ್ಕೆ ಕರೆದೆ. ಅವರಲ್ಲಿ ಒಬ್ಬಳು ಗ್ರೀಸಿನ ಥೆಸಲೋನಿಕಿ ಊರಿನವಳು. ಸೌತೆಕಾಯಿ ತುರಿದು, ಕೋಸಂಬರಿಗೆ ಹಿಂಡುವ ಹಾಗೆ ಕೈಯಲ್ಲಿ ಒಂದು ಸಲ ಒತ್ತಿ ಮೊಸರಿಗೆ ಹಾಕಿದ್ದೆ. ಅವರು ಬರುವಷ್ಟರಲ್ಲಿ ಬಟ್ಟಲಿನ ಮೇಲೆ ಒಂದು ಬೆರಳು ನೀರು ನಿಂತಿತ್ತು. ಅವಳು ಒಂದು ಚಮಚ ಬಾಯಿಗಿಟ್ಟು, ನಕ್ಕು, ನೇರ ಅಡುಗೆಮನೆಗೆ ಹೋಗಿ ಉಳಿದಿದ್ದ ಇನ್ನೊಂದು ಸೌತೆಕಾಯಿ ತುರಿದು ಉಪ್ಪು ಹಾಕಿ ಇಟ್ಟಳು. ಕಾಲು ಗಂಟೆ ಬಿಟ್ಟು ಅದನ್ನು ಟೀ ಟವೆಲಿಗೆ ಸುತ್ತಿ, ಒಗೆದ ಬಟ್ಟೆ ಹಿಂಡುವ ಹಾಗೆ ಎರಡೂ ಕೈಯಲ್ಲಿ ತಿರುಚಿದಳು. ಹಸಿರು ನೀರು ಸಿಂಕಿಗೆ ಧಾರೆಯಾಗಿ ಬಿತ್ತು. ನಿಂತಿತು ಅಂದುಕೊಂಡಾಗ ಬಟ್ಟೆಯನ್ನು ಒಮ್ಮೆ ಕೊಡವಿ, ಒಳಗಿದ್ದದ್ದನ್ನು ಹೊರಳಿಸಿ, ಮತ್ತೆ ತಿರುಚಿದಳು. ಇನ್ನೊಂದು ಧಾರೆ! ಕೊನೆಗೆ ಕೈಯಲ್ಲಿ ಉಳಿದದ್ದು ನಿಂಬೆಹಣ್ಣಿನ ಗಾತ್ರದ ಉಂಡೆ, ಉದುರಿಸಿದರೆ ಕಾಯಿತುರಿ ಹಾಗೆ ಬಿಡಿಬಿಡಿ.

ಸೌತೆಕಾಯಿಯ ತೂಕದಲ್ಲಿ ಶೇಕಡಾ 95 ನೀರೇ. ಉಪ್ಪು ತಗುಲಿದ ಕೂಡಲೇ ಅದು ಹೊರಗೆ ಬರಲು ಶುರು. ಅದಕ್ಕೇ ಅಲ್ವಾ ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕಿ ಅನ್ನುವುದು. ಇಲ್ಲಿ ಅದರ ಉಲ್ಟಾ, ಉಪ್ಪು ಮೊದಲೇ ಹಾಕಿ ನೀರನ್ನು ಬರಿಸಿ ಓಡಿಸಬೇಕು. ಮೊಸರಿಗೆ ಸೇರಿದ ಮೇಲೆ ಬಂದರೆ ಕೆಲಸ ಕೆಟ್ಟಿತು.

ಆಗಲೇ ನೀರಾಗಿದ್ದರೆ? ಮೇಲೆ ನಿಂತದ್ದನ್ನು ನಿಧಾನಕ್ಕೆ ಬಗ್ಗಿಸಿ ಚೆಲ್ಲಿ. ಪೂರ್ತಿ ತೆಳ್ಳಗಾಗಿದ್ದರೆ ಮತ್ತೆ ಬಟ್ಟೆಗೆ ಹಾಕಿ ಒಂದು ಗಂಟೆ ಬಸಿಯಿರಿ. ಅದೂ ಆಗದಿದ್ದರೆ ಸಾಸಿವೆ-ಇಂಗು ಒಗ್ಗರಣೆ ಕೊಟ್ಟು ಅನ್ನಕ್ಕೆ ಕಲಸಿ ತಿನ್ನಿ, ಯಾರಿಗೂ ಹೇಳಬೇಡಿ.

ಬೆಳ್ಳುಳ್ಳಿ ಘಾಟು ತಡೆಯಕ್ಕಾಗಲ್ಲ. ಹುರಿದು ಹಾಕಬಹುದಾ?

ಹುರಿದರೆ ರುಚಿ ಸಿಹಿಯಾಗಿ ಬೇರೆಯೇ ಆಗುತ್ತದೆ. ಹಾಕಲೇಬಾರದು ಅಂತಲ್ಲ, ಆದರೆ ಝಾಝೀಕಿಗೆ ಆ ಘಾಟು ಬೇಕು. ಬೇಕಾದ್ದು ಹದ.

ಬೆಳ್ಳುಳ್ಳಿ ಇಡಿಯಾಗಿದ್ದಾಗ ಅಷ್ಟು ವಾಸನೆ ಇಲ್ಲ. ಜಜ್ಜಿದಾಗ ಒಳಗೆ ಬೇರೆ ಬೇರೆ ಇದ್ದದ್ದು ಕೂಡಿಕೊಂಡು ಅಲಿಸಿನ್ ಹುಟ್ಟುತ್ತದೆ, ಉರಿಯುವುದು ಅದು. ಎಷ್ಟು ನುಣ್ಣಗೆ ಜಜ್ಜುತ್ತೀರೋ ಅಷ್ಟು ಜಾಸ್ತಿ. ಜಜ್ಜಿದ ಕೂಡಲೇ ವಿನೆಗರ್ ಬಿದ್ದರೆ ಅದು ಹುಟ್ಟುವುದು ತಗ್ಗುತ್ತದೆ. ಹಾಗಾಗಿ ಸೌಮ್ಯವಾಗಿ ಬೇಕು ಅನ್ನುವವರು ವಿನೆಗರಿನಲ್ಲೇ ಬೆಳ್ಳುಳ್ಳಿ ತುರಿಯಿರಿ. ಎಸಳಿನ ನಡುವೆ ಹಸಿರು ಮೊಳಕೆ ಇದ್ದರೆ ಕಿತ್ತುಹಾಕಿ.

ಇನ್ನೊಂದು, ರಾತ್ರಿ ಕಳೆದರೆ ಬೆಳ್ಳುಳ್ಳಿ ಜೋರಾಗುತ್ತದೆ. ಮಾಡುವಾಗ ಸ್ವಲ್ಪ ಕಡಿಮೆ ಅನಿಸಿದರೆ ನಾಳೆಗೆ ಸರಿಯಾಗಿರುತ್ತದೆ. ನಮ್ಮ ನಾಟಿ ಬೆಳ್ಳುಳ್ಳಿ ಗಾತ್ರ ನೋಡಿ ಮೋಸ ಹೋಗಬೇಡಿ, ಸಣ್ಣದಾದರೂ ಕಿಡಿ.

ಬೆಳ್ಳುಳ್ಳಿ ತಿನ್ನದವರು ಏನು ಮಾಡಬೇಕು?

ಬಿಟ್ಟು ಮಾಡಿ. ಚೂರು ಕಾಳುಮೆಣಸು, ಸಬ್ಬಸಿಗೆ ಸ್ವಲ್ಪ ಹೆಚ್ಚು. ಚೆನ್ನಾಗಿಯೇ ಇರುತ್ತದೆ, ಆದರೆ ಗ್ರೀಕರ ಮುಂದೆ ಅದನ್ನು ಝಾಝೀಕಿ ಅನ್ನಬೇಡಿ.

ಸಬ್ಬಸಿಗೆನಾ, ಪುದೀನನಾ?

ಗ್ರೀಸಿನಲ್ಲಿ ಹೆಚ್ಚಾಗಿ ಸಬ್ಬಸಿಗೆ, ಅವರ ಭಾಷೆಯಲ್ಲಿ ಆನಿಥೋ. ಯಾವ ಸೊಪ್ಪೂ ಹಾಕದವರೂ ಇದ್ದಾರೆ. ಪುದೀನ ಹಾಕುವವರು ಸೈಪ್ರಸ್‌ನವರು, ಅಲ್ಲಿ ಇದರ ಹೆಸರು ತಲತೂರಿ. ಪುದೀನ ಹಾಕಿದ್ದನ್ನು ನೋಡಿದರೆ ನನ್ನ ಥೆಸಲೋನಿಕಿ ಗೆಳತಿ ಮುಖ ಹುಳ್ಳಗೆ ಮಾಡುತ್ತಿದ್ದಳು.

ಯೂರೋಪಿನ ಸೂಪರ್ ಮಾರ್ಕೆಟಿನಲ್ಲಿ ಸಬ್ಬಸಿಗೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಎಸಳು ಇಟ್ಟು ಮಾರುತ್ತಾರೆ. ನಮ್ಮಲ್ಲಿ ಸೊಪ್ಪಿನವರ ಹತ್ತಿರ ಇಡೀ ಕಟ್ಟು. ಅಕ್ಕಿರೊಟ್ಟಿಗೆ, ಬಸ್ಸಾರಿಗೆ, ವಡೆಗೆ ಧಾರಾಳವಾಗಿ ಹಾಕಿ ಅಭ್ಯಾಸ ಆಗಿರುವ ಕೈ ಇಲ್ಲಿ ಮಾತ್ರ ಹಿಡಿತದಲ್ಲಿರಲಿ. ಹಸಿ ಸಬ್ಬಸಿಗೆ ಬೇಯಿಸಿದ್ದರ ಹಾಗಲ್ಲ, ಬಟ್ಟಲನ್ನೇ ನುಂಗಿಬಿಡುತ್ತದೆ. ನೂಲಿನಂಥ ತುದಿ ಎಲೆ ಮಾತ್ರ, ದಂಟು ಬೇಡ. ಮತ್ತೆ ತೊಳೆದ ಸೊಪ್ಪು ಪೂರ್ತಿ ಆರಿರಬೇಕು, ಅದರ ಜೊತೆ ಬರುವುದೂ ನೀರೇ.

ಆಲಿವ್ ಎಣ್ಣೆ ಬದಲು ಬೇರೆ ಎಣ್ಣೆ?

ಬೇಡ. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಹಾಕಿದರೆ ಅವುಗಳದ್ದೇ ಕಾರುಬಾರು. ಸೂರ್ಯಕಾಂತಿ ಎಣ್ಣೆ ಹಾಕಿ ಪ್ರಯೋಜನ ಇಲ್ಲ, ಪರಿಮಳವೇ ಇಲ್ಲ. ಎಕ್ಸ್‌ಟ್ರಾ ವರ್ಜಿನ್ ಸಣ್ಣ ಬಾಟಲಿ ತನ್ನಿ. ಅಡುಗೆಗೆ ಅಂತ ಮಾರುವ ತಿಳಿ ಬಣ್ಣದ್ದಲ್ಲ. ಇಲ್ಲವೇ ಇಲ್ಲ ಅಂದರೆ ಎಣ್ಣೆ ಬಿಟ್ಟುಬಿಡಿ.

ವಿನೆಗರ್ ಬೇಕೇಬೇಕಾ? ನಿಂಬೆಹಣ್ಣು ನಡೆಯಲ್ವಾ?

ಗ್ರೀಕರ ಮನೆಗಳಲ್ಲಿ ಹೆಚ್ಚಾಗಿ ಕೆಂಪು ವೈನಿನ ವಿನೆಗರ್. ನಿಂಬೆ ಹೊರದೇಶಗಳಲ್ಲಿ ಜಾಸ್ತಿ ಬಳಕೆ. ನಮ್ಮ ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್ ಮೂಗಿಗೆ ಹೊಡೆಯುತ್ತದೆ, ಅದೇ ಗತಿ ಆದರೆ ಅರ್ಧದಷ್ಟು ಹಾಕಿ. ಸೇಬಿನ ವಿನೆಗರ್ ಪರವಾಗಿಲ್ಲ. ನಿಂಬೆರಸ ಒಂದು ಸಣ್ಣ ಚಮಚ ಸಾಕು. ಮೊಸರೇ ಸ್ವಲ್ಪ ಹುಳಿ ಇದ್ದರೆ ಯಾವುದೂ ಬೇಡ.

ಎಲ್ಲಾ ಸೇರಿಸಿ ಮಿಕ್ಸಿಗೆ ಹಾಕಿದರೆ ಬೇಗ ಆಗಲ್ವಾ?

ಲಸ್ಸಿ ಬೇಗ ಆಗುತ್ತದೆ. ರಾತ್ರಿಯಿಡೀ ಕಟ್ಟಿ ಗಟ್ಟಿ ಮಾಡಿದ ಮೊಸರಿನ ಹೆಣಿಗೆ ಬ್ಲೇಡಿಗೆ ಸಿಕ್ಕಿದರೆ ಹತ್ತು ಸೆಕೆಂಡಿನಲ್ಲಿ ಮುರಿಯುತ್ತದೆ. ಚಮಚದಲ್ಲಿ ಕಲಸಿ.

ಯಾವುದರ ಜೊತೆ ತಿನ್ನುತ್ತಾರೆ?

ಗ್ರೀಸಿನಲ್ಲಿ ತವೆರ್ನಾ ಅನ್ನುವ ಸಣ್ಣ ಹೋಟೆಲುಗಳಲ್ಲಿ ಇದು ಮೆಝೆ, ಅಂದರೆ ಊಟಕ್ಕೆ ಮೊದಲೋ ಕುಡಿಯುವಾಗಲೋ ಮೇಜಿನ ನಡುವೆ ಬರುವ ಸಣ್ಣ ತಟ್ಟೆಗಳಲ್ಲಿ ಒಂದು. ಊಝೋ ಅನ್ನುವ ಗ್ರೀಕ್ ಮದ್ಯದ ಜೊತೆ, ಬ್ರೆಡ್ಡಿನ ಜೊತೆ, ಬಿಲ್ಲೆ ಮಾಡಿ ಎಣ್ಣೆಯಲ್ಲಿ ಕರಿದ ಝುಕಿನಿ ಜೊತೆ. ಸುವ್ಲಾಕಿ, ಗೀರೊ ಅಂತ ಪೀಟಾ ರೊಟ್ಟಿಯಲ್ಲಿ ಮಾಂಸ ಸುತ್ತಿ ಕೊಡುವಾಗ ಒಳಗೆ ಸವರುವುದೂ ಇದನ್ನೇ. ಬಿಸಿಯಾದ, ಜಿಡ್ಡಿನ, ಕೆಂಡದ ವಾಸನೆಯ ಯಾವುದಕ್ಕೂ ಹೊಂದುತ್ತದೆ.

ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಜೊತೆ ಖಾಲಿಯಾಗುತ್ತದೆ. ಕಟಕ್ ರೊಟ್ಟಿ ಮುರಿದು ಅದ್ದಿ ನೋಡಿ. ಅನ್ನಕ್ಕೆ ಮಾತ್ರ ಸುಮ್ನೆ ಹಾಕಿಕೊಳ್ಳಬೇಡಿ, ಗಂಟಲಲ್ಲಿ ನಿಲ್ಲುತ್ತದೆ.

ಎಷ್ಟು ದಿನ ಇಡಬಹುದು?

ಫ್ರಿಜ್ಜಿನಲ್ಲಿ, ಗಾಜಿನ ಡಬ್ಬಿಯಲ್ಲಿ, ಮೂರು ದಿನ. ಎರಡನೇ ದಿನ ರುಚಿ ಚೆಂದ. ಒದ್ದೆ ಚಮಚ ಹಾಕಬೇಡಿ. ಫ್ರೀಜರಿಗೆ ಬೇಡ, ಕರಗಿದಾಗ ಮೊಸರು ಬೇರೆ, ನೀರು ಬೇರೆ. ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ, ಬೇಸಿಗೆಯಲ್ಲಿ ಒಂದೇ ಗಂಟೆ. ಪಾರ್ಟಿಗೆ ಮಾಡುವುದಾದರೆ ಬಸಿದ ಮೊಸರು, ಹಿಂಡಿದ ಸೌತೆಕಾಯಿ ಬೇರೆ ಬೇರೆ ಇಟ್ಟು ಎರಡು ಗಂಟೆ ಮೊದಲು ಕಲಸಿ.

ಪ್ರೋಟೀನ್ ಜಾಸ್ತಿ ಅಂತಾರಲ್ಲ, ನಿಜವಾ?

ನಿಜ. ನೀರು ಹೋಗಿ ಗಟ್ಟಿ ಉಳಿಯುವುದರಿಂದ ಅದೇ ತೂಕದ ಮಾಮೂಲಿ ಮೊಸರಿಗಿಂತ ಹೆಚ್ಚೂ ಕಡಿಮೆ ಎರಡು ಪಟ್ಟು. ಕೊಬ್ಬೂ ಹಾಗೇ ಏರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಹಾಲಿನ ಸಕ್ಕರೆ ಸ್ವಲ್ಪ ನೀರಿನ ಜೊತೆ ಹೋಗುತ್ತದೆ, ಆದರೆ ಪೂರ್ತಿ ಅಲ್ಲ. ಹಾಲು ಸೇರದವರು ನೋಡಿಕೊಂಡು ತಿನ್ನಿ.

ಬಸಿದ ನೀರು ಅರ್ಧ ಲೀಟರ್ ಬಂತು. ಚೆಲ್ಲೋದಾ?

ಅಯ್ಯೋ, ಚೆಲ್ಲಬೇಡಿ. ಚಪಾತಿ ಹಿಟ್ಟು ಅದರಲ್ಲೇ ಕಲಸಿ, ಮೃದುವಾಗಿ ಬರುತ್ತದೆ. ಸಾರಿಗೆ ಹಾಕುವುದಾದರೆ ಹುಣಸೆಹಣ್ಣು ಕಡಿಮೆ ಮಾಡಿ. ನಾನು ಇಂಗು, ಉಪ್ಪು, ಜಜ್ಜಿದ ಶುಂಠಿ, ಕರಿಬೇವು ಹಾಕಿ ತಣ್ಣಗೆ ಮಾಡಿ ಕುಡಿದುಬಿಡುತ್ತೇನೆ. ಸೌತೆಕಾಯಿ ಹಿಂಡಿದ ನೀರನ್ನೂ ಅದಕ್ಕೇ ಸುರಿಯಿರಿ. ಅದರಲ್ಲಿ ಉಪ್ಪಿದೆ, ಬೇರೆ ಹಾಕುವ ಮೊದಲು ರುಚಿ ನೋಡಿ.